ಅಜ್ಜಿಯ ಕಾಲಿಗೆ ಕೋಡ್ ಯಾವುದು?

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ನಿಂತಿರೋ ಎಲ್ಲರಿಗೂ ಸ್ವಾಗತ. ಕೂರೋಕೆ ಜಾಗ ಸಿಗಲಿಲ್ಲ ಅಂದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಇವತ್ತಿನ ಕಂತು ನೀವು ಈಗ ಊರಿಕೊಂಡು ನಿಂತಿರೋ ಪಾದದ ಬಗ್ಗೆ. ಪಾದಕ್ಕೆ ಏನಾದರೂ ಆದರೆ ವೈದ್ಯಕೀಯ ದಾಖಲೆಯಲ್ಲಿ ಅದನ್ನು ಯಾವ ಸಂಖ್ಯೆಯಾಗಿ ಬರೆಯುತ್ತಾರೆ, ಆ ಸಂಖ್ಯೆಗಳು ಎಲ್ಲಿಂದ ಬಂದವು ಅನ್ನೋ ಕಥೆ.

ಇದು ನನಗೆ ಶುರುವಾಗಿದ್ದು ಒಂದು ಕಾಗದದಿಂದ. ಕಳೆದ ವರ್ಷ ಮನೆಯ ಹಳೇ ಫೈಲುಗಳನ್ನು ತೆಗೆದಾಗ ನಮ್ಮಜ್ಜಿ ತೀರಿಕೊಂಡಾಗ ಆಸ್ಪತ್ರೆಯವರು ಕೊಟ್ಟ ಹಾಳೆ ಸಿಕ್ಕಿತು. ಅಜ್ಜಿ ಹಾವೇರಿ ಕಡೆ ಹಳ್ಳಿಯವಳು. ಹೊಲಕ್ಕೆ ಹೋಗುವಾಗಲೂ ಚಪ್ಪಲಿ ಮೆಟ್ಟಿದವಳಲ್ಲ. ಹತ್ತು ಹನ್ನೆರಡು ವರ್ಷದಿಂದ ಸಕ್ರಿ ಬ್ಯಾನಿ ಇತ್ತು. ಒಂದು ದಿನ ಪಡಸಾಲೆಯ ನೆಲದ ಮೇಲೆ ಸಣ್ಣ ಸಣ್ಣ ರಕ್ತದ ಗುರುತು ಕಂಡು ಅಪ್ಪ ಅವಳ ಅಂಗಾಲು ತಿರುಗಿಸಿ ನೋಡಿದರೆ, ಜಾಲಿ ಮುಳ್ಳು ಒಳಗೇ ಮುರಿದು ಕೂತಿದೆ. ಎಷ್ಟು ದಿನದಿಂದ ಇತ್ತೋ ಗೊತ್ತಿಲ್ಲ. ಅಜ್ಜಿ ಹೇಳಿದ್ದು ಒಂದೇ ಮಾತು: ‘ನೋಯಂಗಿಲ್ಲ ಬಿಡೋ ತಮ್ಮಾ.’ ಆಮೇಲೆ ಹುಣ್ಣಾಯಿತು, ಹೆಬ್ಬೆರಳು ಕಪ್ಪಾಯಿತು, ಬೆರಳು ತೆಗೆದರು, ಮೊಣಕಾಲ ಕೆಳಗೆ ಕಾಲನ್ನೇ ತೆಗೆದರು. ಎರಡು ತಿಂಗಳಿಗೆ ಅಜ್ಜಿ ಹೋದಳು. ಆ ಹಾಳೆಯಲ್ಲಿ ಸಾವಿನ ಕಾರಣ ಅನ್ನೋ ಜಾಗದಲ್ಲಿ ಬರೆದಿದ್ದದ್ದು ‘ಹೃದಯ ಮತ್ತು ಉಸಿರಾಟ ಸ್ತಂಭನ’. ಅಷ್ಟೇ.

ಚಿಕ್ಕಪ್ಪನ ಮಗಳು ಬೆಂಗಳೂರಲ್ಲಿ ಮೆಡಿಕಲ್ ಕೋಡರ್. ಸಾಫ್ಟ್‌ವೇರ್ ಕೋಡಿಂಗ್ ಅಲ್ಲ. ಡಾಕ್ಟರ್ ಬರೆದದ್ದನ್ನು ಓದಿ ರೋಗಕ್ಕೆ ಸಂಖ್ಯೆ ಕೊಡೋ ಕೆಲಸ. ಅವಳಿಗೆ ಹಾಳೆಯ ಫೋಟೋ ಕಳಿಸಿ, ಇದನ್ನು ಕೋಡ್ ಮಾಡಿ ತೋರಿಸವ್ವಾ ಅಂದೆ. ಸ್ವಲ್ಪ ಹೊತ್ತಿಗೆ ವಾಯ್ಸ್ ಮೆಸೇಜ್ ಬಂತು. ‘ಐ 46.9 ಹಾಕಬಹುದು ಅಣ್ಣಾ. ಹೃದಯ ನಿಂತದ್ದು, ವಿವರ ಇಲ್ಲ. ಇದರಾಗ ಅಜ್ಜಿ ಕಾಲ ಎಲ್ಲೈತಿ?’

ಆ ಕಾಲನ್ನು ಹುಡುಕಿಕೊಂಡು ಹೋದದ್ದೇ ಈ ಕಂತು.

ಮೊದಲು, ಕೋಡ್ ಅಂದ್ರೆ ಏನು ಅಂತ ನೋಡೋಣ. ಐಸಿಡಿ ಅಂತ ಒಂದು ದೊಡ್ಡ ಪಟ್ಟಿ ಇದೆ, ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣ. ನೋಡಿಕೊಳ್ಳುವುದು ವಿಶ್ವ ಆರೋಗ್ಯ ಸಂಸ್ಥೆ. ಅದರ ಹತ್ತನೇ ಪರಿಷ್ಕರಣೆಯಲ್ಲಿ, ಅಂದ್ರೆ ಐಸಿಡಿ 10ರಲ್ಲಿ, ಒಂದು ಇಂಗ್ಲಿಷ್ ಅಕ್ಷರ, ಮುಂದೆ ಅಂಕಿ. ಕ್ರಿಕೆಟ್ ಆಡುವಾಗ ಕಾಲು ಉಳುಕಿದರೆ ಎಸ್ 93. ಗಾಜು ಚುಚ್ಚಿದ ಗಾಯ ಎಸ್ 91. ಪಾದದ ಮೂಳೆ ಮುರಿದರೆ ಎಸ್ 92. ಎಸ್ 90ರಿಂದ 99ರವರೆಗೆ ಹತ್ತು ಕೋಣೆಗಳು ಪೂರ್ತಿ ಪಾದ ಮತ್ತು ಹರಡಿನ ಪೆಟ್ಟುಗಳಿಗೆ ಮೀಸಲು. ಇದು ಹಿಂದೆ ಹೀಗಿರಲಿಲ್ಲ. ಒಂಬತ್ತನೇ ಪರಿಷ್ಕರಣೆಯಲ್ಲಿ ಮೊದಲು ಪೆಟ್ಟಿನ ಬಗೆ ನೋಡುತ್ತಿದ್ದರು. ಮುರಿದದ್ದೆಲ್ಲ ಒಂದು ಕಡೆ, ಉಳುಕಿದ್ದೆಲ್ಲ ಇನ್ನೊಂದು ಕಡೆ. ಹತ್ತರಲ್ಲಿ ಮೊದಲು ದೇಹದ ಭಾಗ, ಆಮೇಲೆ ಬಗೆ. ಹಾಗಾಗಿ ಪೆಟ್ಟಿನ ಮಟ್ಟಿಗೆ ಪಾದಕ್ಕೆ ಒಂದು ಮನೆ ಸಿಕ್ಕಿತು.

ಆದರೆ ಪೆಟ್ಟು ಬಿಟ್ಟು ರೋಗಕ್ಕೆ ಬಂದರೆ ಪಾದಕ್ಕೆ ಅಧ್ಯಾಯವೇ ಇಲ್ಲ. ಕಣ್ಣಿಗಿದೆ, ಕಿವಿಗಿದೆ, ಚರ್ಮಕ್ಕಿದೆ. ಪಾದ ಇಡೀ ಪುಸ್ತಕದಲ್ಲಿ ಚೂರು ಚೂರಾಗಿ ಬಿದ್ದಿದೆ. ಕಾಲಿನ ಆಣಿ ಚರ್ಮದ ಅಧ್ಯಾಯದಲ್ಲಿ, ಎಲ್ 84. ಬೆರಳಿನ ಒಳಕ್ಕೆ ಬೆಳೆಯುವ ಉಗುರೂ ಅಲ್ಲೇ, ಎಲ್ 60. ಹಿಮ್ಮಡಿಯ ಮೂಳೆ ಮುಳ್ಳಿನ ಹಾಗೆ ಬೆಳೆದರೆ ಎಂ 77.3. ಹುಟ್ಟುವಾಗಲೇ ಪಾದ ಸೊಟ್ಟಗಿದ್ದರೆ ಕ್ಯೂ 66. ಬೆರಳ ಸಂದಿಯ ತುರಿಕೆ ಶಿಲೀಂಧ್ರದ್ದು, ಬಿ 35.3. ನಮ್ಮ ಜನ ಕಣ್ಣಿಗೆ ಕಂಡದ್ದನ್ನು ನೋಡಿ ‘ಆನೆಕಾಲು’ ಅಂತ ಹೆಸರಿಟ್ಟರು. ಪುಸ್ತಕ ಆ ಕಾಲನ್ನು ನೋಡುವುದೇ ಇಲ್ಲ, ಒಳಗಿರೋ ಹುಳ ನೋಡುತ್ತೆ, ಬಿ 74 ಅನ್ನುತ್ತೆ. ಕನ್ನಡದ ಇನ್ನೊಂದು ತಮಾಷೆ ಏನಂದ್ರೆ ನಮಗೆ ಕಾಲು ಅಂದ್ರೆ ತೊಡೆಯಿಂದ ಬೆರಳ ತುದಿವರೆಗೂ ಕಾಲೇ. ‘ಕಾಲಿಗೆ ಪೆಟ್ಟಾಯ್ತು’ ಅಂದರೆ ಕೋಡರ್ ಕೈಕಟ್ಟಿ ಕೂರಬೇಕು.

ಯಾಕೆ ಹೀಗೆ ಚೂರಾಯಿತು? ಅದಕ್ಕೆ ಲಂಡನ್ನಿಗೆ ಹೋಗಬೇಕು.

1600ರ ದಶಕದ ಲಂಡನ್. ಪ್ಲೇಗಿನ ಭಯ. ಪ್ರತಿ ವಾರ ಯಾವ ಚರ್ಚಿನ ವ್ಯಾಪ್ತಿಯಲ್ಲಿ ಎಷ್ಟು ಜನ ಸತ್ತರು ಅಂತ ಪಟ್ಟಿ ಅಚ್ಚಾಗುತ್ತಿತ್ತು. ಕಾರಣ ಬರೆಸುತ್ತಿದ್ದವರು ಡಾಕ್ಟರುಗಳಲ್ಲ. ಸತ್ತವರ ಮನೆಗೆ ಹೋಗಿ ಹೆಣ ನೋಡಿ, ಮನೆಯವರನ್ನು ಕೇಳಿ ಬರುವುದಕ್ಕೆ ಮುದುಕಿಯರನ್ನು ನೇಮಿಸಿದ್ದರು. ಒಂದು ಸಾವಿಗೆ ನಾಲ್ಕು ಕಾಸು ಸಿಗುವ ಕೆಲಸ. ಜಾನ್ ಗ್ರಾಂಟ್ ಅನ್ನೋ ಬಟ್ಟೆ ಬಟನ್ನಿನ ವ್ಯಾಪಾರಿ ಆ ಪಟ್ಟಿಗಳನ್ನೆಲ್ಲ ಕೂಡಿಹಾಕಿ 1662ರಲ್ಲಿ ಒಂದು ಪುಸ್ತಕ ಮಾಡಿದ. ಅದರ ಕಾರಣಗಳ ಪಟ್ಟಿಯಲ್ಲಿ ‘ಹಲ್ಲು’ ಅನ್ನೋದೂ ಒಂದು ಕಾರಣ. ಪಾದದ ಕಡೆಯಿಂದ ಅಲ್ಲಿ ಹೆಸರು ಗಿಟ್ಟಿಸಿದ್ದು ಗೌಟ್, ಹೆಬ್ಬೆರಳು ಕೆಂಡದ ಹಾಗೆ ಉರಿಯೋ ವಾತ. ಗ್ರೀಕರು ಅದಕ್ಕೆ ಪೊಡಾಗ್ರಾ ಅಂತಿದ್ದರು, ಪಾದಕ್ಕೆ ಬಿದ್ದ ಬಲೆ ಅಂತ ಅರ್ಥ. ದೊಡ್ಡವರ ಮನೆಯ ಕಾಯಿಲೆ ಅಂತ ಹೆಸರಾದದ್ದು. ಬರಿಗಾಲಲ್ಲಿ ನಡೆಯೋರ ಪಾದಕ್ಕೆ ಆ ಪಟ್ಟಿಯಲ್ಲಿ ಅಂಥ ಹೆಸರೇನೂ ಇರಲಿಲ್ಲ.

ಮುಂದೆ 1837ರಲ್ಲಿ ಇಂಗ್ಲೆಂಡಿನಲ್ಲಿ ಜನನ ಮರಣ ನೋಂದಣಿ ಸರ್ಕಾರಿ ಕೆಲಸವಾಯಿತು. ಅಂಕಿಅಂಶದ ಜವಾಬ್ದಾರಿ ವಿಲಿಯಂ ಫಾರ್ ಅನ್ನೋ ವೈದ್ಯನಿಗೆ ಬಂತು. ಅವನ ತಲೆನೋವು ಸುಲಭವಾಗಿ ಅರ್ಥವಾಗುತ್ತೆ. ಒಂದೇ ರೋಗವನ್ನು ನಾಲ್ಕು ವೈದ್ಯರು ನಾಲ್ಕು ಹೆಸರಲ್ಲಿ ಬರೀತಾರೆ, ಒಂದೇ ಹೆಸರನ್ನು ನಾಲ್ಕು ರೋಗಕ್ಕೆ ಬಳಸ್ತಾರೆ. ಎಣಿಸೋದು ಏನನ್ನ? ಸಂತೆಯಲ್ಲಿ ಒಬ್ಬೊಬ್ಬರ ಸೇರು ಒಂದೊಂದು ಅಳತೆ ಇದ್ದರೆ ವ್ಯಾಪಾರ ಹೇಗೆ ಆಗುತ್ತೆ, ಹಾಗೆ. 1853ರಲ್ಲಿ ಬ್ರಸೆಲ್ಸ್‌ನಲ್ಲಿ ನಾನಾ ದೇಶಗಳ ಲೆಕ್ಕಿಗರು ಸೇರಿ ಎಲ್ಲರಿಗೂ ಒಂದೇ ಪಟ್ಟಿ ಬೇಕು ಅಂತ ತೀರ್ಮಾನಿಸಿ, ಫಾರ್‌ಗೂ ಜಿನೀವಾದ ಮಾರ್ಕ್ ದೆಸ್ಪೀನ್‌ಗೂ ಹೊಣೆ ಕೊಟ್ಟರು. ಇಬ್ಬರೂ ಎರಡು ಪಟ್ಟಿ ತಂದರು! ಒಬ್ಬ ರೋಗ ದೇಹದ ಎಲ್ಲಿದೆ ಅನ್ನೋದಕ್ಕೆ ಬೆಲೆ ಕೊಟ್ಟ, ಇನ್ನೊಬ್ಬ ರೋಗದ ಸ್ವಭಾವ ಎಂಥದು ಅನ್ನೋದಕ್ಕೆ. 1855ರಲ್ಲಿ ಪ್ಯಾರಿಸ್‌ನಲ್ಲಿ ರಾಜಿಯಾಗಿ 139 ಶೀರ್ಷಿಕೆಗಳ ಪಟ್ಟಿ ಬಂತು. ಎಲ್ಲಿ ಅಂತ ಕೇಳಬೇಕೋ, ಯಾಕೆ ಅಂತ ಕೇಳಬೇಕೋ ಅನ್ನೋ ಆ ಜಗಳ ಇವತ್ತಿಗೂ ಮುಗಿದಿಲ್ಲ. ಅಜ್ಜಿಯ ಕಾಲು ಸಿಕ್ಕಿಹಾಕಿಕೊಂಡಿದ್ದು ಅದರ ನಡುವೆಯೇ.

ಆ ರಾಜಿ ಪಟ್ಟಿಯನ್ನು ಎಲ್ಲ ದೇಶಗಳೂ ಒಪ್ಪಲಿಲ್ಲ. ಒಪ್ಪಿಸಿದವನು ಪ್ಯಾರಿಸ್ ನಗರದ ಅಂಕಿಅಂಶ ವಿಭಾಗದ ಮುಖ್ಯಸ್ಥ ಜಾಕ್ ಬರ್ತಿಯೋಂ. ಅವನ ಪಟ್ಟಿ 1893ರಲ್ಲಿ ಶಿಕಾಗೋ ಸಭೆಯಲ್ಲಿ ಒಪ್ಪಿಗೆ ಪಡೆಯಿತು. ಅದರ ಅತಿ ವಿವರವಾದ ರೂಪದಲ್ಲಿ 161 ಶೀರ್ಷಿಕೆ. ಸಾಮಾನ್ಯ ರೋಗಗಳು ಒಂದು ಕಡೆ, ಒಂದೇ ಅಂಗಕ್ಕೆ ಅಂಟಿಕೊಂಡವು ಇನ್ನೊಂದು ಕಡೆ. ಇಲ್ಲೊಂದು ಮನೆ ಸುದ್ದಿ ಹೇಳಲೇಬೇಕು. ಜಾಕ್‌ನ ತಮ್ಮ ಅಲ್ಫೋನ್ಸ್ ಬರ್ತಿಯೋಂ ಪ್ಯಾರಿಸ್ ಪೊಲೀಸರಲ್ಲಿದ್ದ. ಬೆರಳಚ್ಚು ಬರುವ ಮುಂಚೆ ಅಪರಾಧಿಗಳನ್ನು ಗುರುತಿಸೋಕೆ ದೇಹದ ಅಳತೆ ತೆಗೆಯೋ ಪದ್ಧತಿ ಅವನದು. ಆ ಅಳತೆಗಳಲ್ಲಿ ಎಡ ಪಾದದ ಉದ್ದವೂ ಒಂದು. ಅಂದ್ರೆ ತಮ್ಮನ ಕಾರ್ಡಿನಲ್ಲಿ ಕಳ್ಳನ ಪಾದಕ್ಕೆ ಒಂದು ಜಾಗ ಇತ್ತು. ಅಣ್ಣನ ಪಟ್ಟಿಯಲ್ಲಿ ಸತ್ತವನ ಪಾದಕ್ಕೆ ಅಂಥ ಜಾಗ ಇರಲಿಲ್ಲ.

1900ರಲ್ಲಿ 26 ದೇಶಗಳವರು ಪ್ಯಾರಿಸ್‌ನಲ್ಲಿ ಸೇರಿ ಈ ಪಟ್ಟಿಯನ್ನು ಪರಿಷ್ಕರಿಸಿದರು. ಹತ್ತು ವರ್ಷಕ್ಕೊಮ್ಮೆ ಹೀಗೆ ತಿದ್ದಬೇಕು ಅಂತಲೂ ಆಯಿತು. ಅಲ್ಲಿಂದ 1948ರವರೆಗೆ ಇದು ಮುಖ್ಯವಾಗಿ ಸಾವಿನ ಕಾರಣಗಳ ಪಟ್ಟಿ. ಆ ವರ್ಷ ಹೊಸದಾಗಿ ಹುಟ್ಟಿದ್ದ ವಿಶ್ವ ಆರೋಗ್ಯ ಸಂಸ್ಥೆ ಆರನೇ ಪರಿಷ್ಕರಣೆಯನ್ನು ಕೈಗೆತ್ತಿಕೊಂಡು, ಸಾಯದ ಕಾಯಿಲೆಗಳನ್ನೂ ಪೆಟ್ಟುಗಳನ್ನೂ ಪೂರ್ತಿಯಾಗಿ ಸೇರಿಸಿತು. ಪಾದಕ್ಕೆ ಇದು ದೊಡ್ಡ ವಿಷಯ. ಆಣಿಯಿಂದ, ಉಳುಕಿನಿಂದ ಯಾರೂ ಸಾಯಲ್ಲ. ಸಾವನ್ನಷ್ಟೇ ಎಣಿಸುವ ಪಟ್ಟಿಯಲ್ಲಿ ಪಾದ ಇರೋಕೆ ಸಾಧ್ಯವೇ ಇರಲಿಲ್ಲ.

ಹೆಸರುಗಳ ಕಡೆ ಒಂದು ಸುತ್ತು ಹಾಕಿ ಬರೋಣ, ಯಾಕಂದ್ರೆ ಒಂದೊಂದು ಕೋಡಿನ ಹಿಂದೆ ಯಾರದೋ ಪಾದ ಇದೆ.

1842ರಲ್ಲಿ ಮಧುರೈನಲ್ಲಿ ಜಾನ್ ಗಿಲ್ ಅನ್ನೋ ವೈದ್ಯ ಒಂದು ವಿಚಿತ್ರ ಪಾದವನ್ನು ದಾಖಲಿಸಿದ. ಊದಿಕೊಂಡು, ತೂತು ತೂತಾಗಿ, ಕೀವಿನ ಜೊತೆ ಸಣ್ಣ ಕಾಳುಗಳು ಬರೋ ಪಾದ. ಹೊಲದಲ್ಲಿ ಬರಿಗಾಲಲ್ಲಿ ನಡೆಯುವವರಿಗೆ ಮುಳ್ಳಿನ ಗಾಯದ ಮೂಲಕ ಮಣ್ಣಿನ ಶಿಲೀಂಧ್ರವೋ ಬ್ಯಾಕ್ಟೀರಿಯಾವೋ ಒಳಹೊಕ್ಕು ವರ್ಷಗಟ್ಟಲೆ ತಿನ್ನುವ ರೋಗ ಅದು. ಊರಿನ ಹೆಸರಲ್ಲೇ ‘ಮಧುರಾ ಪಾದ’ ಅಂತಾಯಿತು. ಮುಂಬೈಯಲ್ಲಿದ್ದ ಹೆನ್ರಿ ವಾನ್‌ಡೈಕ್ ಕಾರ್ಟರ್ 1860ರ ಸುಮಾರಿಗೆ ಅದು ಶಿಲೀಂಧ್ರದ ಕೆಲಸ ಅಂತ ಹೇಳಿ ಮೈಸಿಟೋಮಾ ಅಂತ ಹೆಸರು ಕೊಟ್ಟ. ಗ್ರೇಸ್ ಅನಾಟಮಿ ಪುಸ್ತಕ ಗೊತ್ತಲ್ವಾ, ಎಂಬಿಬಿಎಸ್ ಹುಡುಗರ ಮೇಜಿನ ಮೇಲೆ ಇರುತ್ತಲ್ಲ, ಅದರ ಮೊದಲ ಆವೃತ್ತಿಯ ಚಿತ್ರಗಳನ್ನು ಬರೆದ ಕಾರ್ಟರ್ ಇವನೇ. ಈಗ ಅದು ಬಿ 47. ಕೋಡ್ ಬಂದಾಗ ಮಧುರೈಯೂ ಹೋಯಿತು, ಪಾದವೂ ಹೋಯಿತು, ಸೂಕ್ಷ್ಮಜೀವಿ ಉಳಿಯಿತು. ವಿಜ್ಞಾನದ ದೃಷ್ಟಿಯಿಂದ ಅದೇ ಸರಿ. ಆದರೆ ಸಿಗುವ ರೋಗಿ ಮಾತ್ರ ಇವತ್ತಿಗೂ ಹೆಚ್ಚಾಗಿ ಬರಿಗಾಲಿನ ಬಡ ರೈತನೇ. ಈ ರೋಗ ವಿಶ್ವ ಆರೋಗ್ಯ ಸಂಸ್ಥೆಯ ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿದ್ದು 2016ರಲ್ಲಿ. ಕಾರ್ಟರ್ ಹೆಸರಿಟ್ಟು ಒಂದೂವರೆ ಶತಮಾನ ಆದ ಮೇಲೆ.

ಇನ್ನೊಂದು ಪಾದ ಸೈನಿಕರದು. 1855ರಲ್ಲಿ ಬ್ರೈಟ್‌ಹಾಪ್ಟ್ ಅನ್ನೋ ಪ್ರಷ್ಯಾದ ಸೇನಾ ವೈದ್ಯ, ದೂರದ ನಡಿಗೆಯಾದ ಮೇಲೆ ಸಿಪಾಯಿಗಳ ಪಾದ ಊದಿಕೊಳ್ಳೋದನ್ನು ಬರೆದ. ಬಿದ್ದಿಲ್ಲ, ಪೆಟ್ಟಾಗಿಲ್ಲ, ಆದರೂ ನೋವು. ಬರೀ ಊತ ಅಂತಲೇ ನಂಬಿದ್ದರು. 1895ರಲ್ಲಿ ರಾಂಟ್‌ಗನ್ ಎಕ್ಸ್-ರೇ ಕಂಡುಹಿಡಿದ. ಎರಡೇ ವರ್ಷದಲ್ಲಿ ಆ ‘ಊತ’ದ ಒಳಗೆ ಮೂಳೆ ಸೀಳಿರುವುದು ಕಾಣಿಸಿತು. ನಡೆದು ನಡೆದು ಮೂಳೆಯೇ ದಣಿದು ಮುರಿದಿತ್ತು. ಇವತ್ತು ಹಾಫ್ ಮ್ಯಾರಥಾನ್ ಓಡೋರಿಗೂ ಇದೇ ಆಗುತ್ತೆ. ಕೋಡ್ ಎಂ 84.3. ಎಸ್ ಅಕ್ಷರದ ಮನೆಯಲ್ಲಿ ಇದಕ್ಕೆ ಜಾಗವಿಲ್ಲ, ಯಾಕಂದ್ರೆ ಇದು ಒಂದೇ ಏಟಿಗೆ ಮುರಿದದ್ದಲ್ಲ.

ಮತ್ತೆ ಲಿವರ್‌ಪೂಲ್‌ನ ರಾಬರ್ಟ್ ಜೋನ್ಸ್. ದೊಡ್ಡ ಮೂಳೆ ವೈದ್ಯ. ಒಮ್ಮೆ ಕುಣಿಯುವಾಗ ಅವನದೇ ಪಾದದ ಹೊರಬದಿಯಲ್ಲಿ ಏನೋ ಮುರಿದ ಹಾಗಾಯಿತು. ಎಕ್ಸ್-ರೇ ತೆಗೆಸಿದರೆ ಕಿರುಬೆರಳ ಹಿಂದಿನ ಮೂಳೆ, ಅಂದ್ರೆ ಐದನೇ ಮೆಟಾಟಾರ್ಸಲ್, ಬುಡದಲ್ಲಿ ಮುರಿದಿದೆ. 1902ರಲ್ಲಿ ತನ್ನ ಪಾದವನ್ನೇ ಉದಾಹರಣೆ ಮಾಡಿ ಲೇಖನ ಬರೆದ. ಕುಣಿದು ಕಾಲು ಮುರಿದುಕೊಂಡು ಹೆಸರು ಉಳಿಸಿಕೊಂಡ ಪುಣ್ಯಾತ್ಮ! ಇವತ್ತಿಗೂ ಫುಟ್‌ಬಾಲ್ ಕಾಮೆಂಟರಿಯಲ್ಲಿ ‘ಜೋನ್ಸ್ ಫ್ರ್ಯಾಕ್ಚರ್’ ಅಂತ ಕೇಳ್ತೀರಿ.

ಹೆಸರು, ಕೋಡ್, ಎಣಿಕೆ ಎಲ್ಲ ಸರಿಯಾಗಿ ಕೂಡಿದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ದೇಶದ್ದೇ ಕಥೆ ಇದೆ. ಮನೆಯಲ್ಲಿ ವಯಸ್ಸಾದವರಿದ್ದರೆ ‘ನಾರು ಹುಣ್ಣು’ ಅಂದ್ರೆ ಏನು ಅಂತ ಕೇಳಿ ನೋಡಿ. ಕುಡಿಯುವ ನೀರಿನಲ್ಲಿರೋ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಯ ಜೊತೆ ಒಂದು ಮರಿಹುಳ ಹೊಟ್ಟೆಗೆ ಹೋಗುತ್ತೆ. ಸುಮಾರು ಒಂದು ವರ್ಷ ಏನೂ ಗೊತ್ತಾಗಲ್ಲ. ಆಮೇಲೆ ಒಂದು ದಿನ, ಹೆಚ್ಚಾಗಿ ಪಾದದಲ್ಲೋ ಮೀನಖಂಡದಲ್ಲೋ, ಗುಳ್ಳೆ ಎದ್ದು ಒಡೆದು ದಾರದಂಥ ಹುಳ ಹೊರಬರುತ್ತೆ. ಸುಮಾರು ಒಂದು ಮೀಟರ್ ಉದ್ದ. ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಉರಿ ತಡೆಯೋಕಾಗದೆ ಕಾಲನ್ನು ನೀರಿಗೆ ಇಳಿಸಿದರೆ ಹುಳ ಅಲ್ಲೇ ಸಾವಿರಾರು ಮರಿ ಬಿಡುತ್ತೆ. ಮೆಟ್ಟಿಲು ಬಾವಿಯಲ್ಲಿ ಇಳಿದು ನೀರು ತುಂಬುವ ಊರುಗಳಲ್ಲಿ ಇದು ಚಕ್ರದ ಹಾಗೆ ಸುತ್ತುತ್ತಿತ್ತು. ಕೋಡ್ ಬಿ 72.

ಭಾರತದಲ್ಲಿ ಇದರ ನಿರ್ಮೂಲನಾ ಕಾರ್ಯಕ್ರಮ 1983-84ರಲ್ಲಿ ಶುರುವಾಯಿತು. ಕರ್ನಾಟಕವೂ ರೋಗವಿದ್ದ ರಾಜ್ಯಗಳಲ್ಲಿ ಒಂದು. 1984ರಲ್ಲಿ ಹಳ್ಳಿ ಹಳ್ಳಿ ಹುಡುಕಿದಾಗ ದೇಶದಲ್ಲಿ ಸುಮಾರು 40 ಸಾವಿರ ರೋಗಿಗಳು ಸಿಕ್ಕರು. ಇದಕ್ಕೆ ಲಸಿಕೆ ಇರಲಿಲ್ಲ, ಔಷಧಿ ಇರಲಿಲ್ಲ. ಇದ್ದದ್ದು ನೀರು ಸೋಸುವ ಬಟ್ಟೆ, ಬಾವಿಗೆ ಬದಲು ಬೋರ್‌ವೆಲ್, ಮತ್ತೆ ಮತ್ತೆ ಎಣಿಸೋ ಹಠ. ಕೊನೆಯ ರೋಗಿ 1996ರ ಜುಲೈನಲ್ಲಿ, ರಾಜಸ್ಥಾನದಲ್ಲಿ. 2000ದ ಫೆಬ್ರುವರಿಯಲ್ಲಿ ಭಾರತ ನಾರು ಹುಣ್ಣು ಮುಕ್ತ ಅಂತ ಘೋಷಣೆಯಾಯಿತು. ಬಿ 72 ಅನ್ನೋ ಕೋಡ್ ಪುಸ್ತಕದಲ್ಲಿ ಇನ್ನೂ ಇದೆ, ನಮ್ಮ ದೇಶದ ಮಟ್ಟಿಗೆ ಅದರೊಳಗೆ ಯಾರೂ ಇಲ್ಲ. ನನಗಂತೂ ಇಡೀ ಪುಸ್ತಕದಲ್ಲಿ ಅತಿ ಚಂದದ ಸಂಖ್ಯೆ ಅದು.

ಈಗ ಉಲ್ಟಾ ಕಥೆ. ಕೋಡ್ ಬೇರೆ ಬೇರೆ ಆಗಿದ್ದರಿಂದಲೇ ಕಣ್ಣಿಗೆ ಬೀಳದೆ ಹೋದ ಪಾದಗಳು.

ಪಾಲ್ ಬ್ರಾಂಡ್ ಅನ್ನೋ ಶಸ್ತ್ರವೈದ್ಯ 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಮಿಷನರಿ ದಂಪತಿಗೆ ಹುಟ್ಟಿದವನು. 1946ರಲ್ಲಿ ವೆಲ್ಲೂರಿಗೆ ಬಂದ. ಕುಷ್ಠರೋಗದಲ್ಲಿ ಕೈಕಾಲಿನ ಬೆರಳು ತಾನಾಗೇ ಕೊಳೆತು ಉದುರುತ್ತೆ ಅಂತ ಆಗ ಎಲ್ಲರೂ ನಂಬಿದ್ದರು. ಬ್ರಾಂಡ್ ದಿನವಿಡೀ ರೋಗಿಗಳ ಜೊತೆಗಿದ್ದು ನೋಡಿದ. ರೋಗಾಣು ನರವನ್ನು ಕೊಲ್ಲುತ್ತೆ, ನೋವು ಹೋಗುತ್ತೆ. ನೋವು ಹೋದವನು ಮುಳ್ಳು ತುಳಿದರೂ ನಡೀತಾನೆ, ಚಪ್ಪಲಿಯ ಮೊಳೆ ಚುಚ್ಚಿದರೂ ನಡೀತಾನೆ. ಹಾಳು ಮಾಡೋದು ಆ ನಡಿಗೆ. ಹಾಗಾಗಿ ಅವನ ತಂಡ ಚಾಕುವಿನಷ್ಟೇ ಗಮನವನ್ನು ಚಪ್ಪಲಿಗೂ ಕೊಟ್ಟಿತು. ಪಾದದ ಒತ್ತಡ ಹಂಚೋ ಮೆತ್ತನೆ ರಬ್ಬರಿನ ಅಟ್ಟೆ, ಹುಣ್ಣು ಮಾಯೋವರೆಗೆ ಪಾದಕ್ಕೆ ಪ್ಲಾಸ್ಟರ್.

1966ರಲ್ಲಿ ಬ್ರಾಂಡ್ ಅಮೆರಿಕದ ಲೂಸಿಯಾನಾದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದ. ಅಲ್ಲಿ ಅವನಿಗೂ ಅವನ ಜೊತೆಯವರಿಗೂ ಕಂಡದ್ದು ಏನಂದ್ರೆ, ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು ಮತ್ತು ಕುಷ್ಠರೋಗಿಯ ಪಾದದ ಹುಣ್ಣು ಅಣ್ಣತಮ್ಮಂದಿರ ಹಾಗಿವೆ. ಎರಡರಲ್ಲೂ ನೋವು ಸತ್ತಿದೆ. ನಮ್ಮ ದಕ್ಷಿಣದ ಬಡ ರೋಗಿಗಳ ಪಾದದಲ್ಲಿ ಕಲಿತ ಪ್ಲಾಸ್ಟರ್ ವಿಧಾನ, ಚಪ್ಪಲಿ ವಿದ್ಯೆ ಅಮೆರಿಕದ ಡಯಾಬಿಟಿಸ್ ಚಿಕಿತ್ಸೆಗೆ ಹೀಗೆ ದಾಟಿತು. ಪುಸ್ತಕದಲ್ಲಿ ಕುಷ್ಠ ಎ 30, ಎರಡನೇ ಬಗೆಯ ಸಕ್ಕರೆ ಕಾಯಿಲೆ ಇ 11. ನಡುವೆ ನೂರಾರು ಪುಟ. ಕಾರಣ ನೋಡುವ ಪುಸ್ತಕಕ್ಕೆ ಅವೆರಡು ಬೇರೆ. ಪಾದ ನೋಡಿದವನಿಗೆ ಒಂದೇ.

ಅಜ್ಜಿ ‘ನೋಯಂಗಿಲ್ಲ’ ಅಂದಾಗ ನಮಗೆಲ್ಲ ಸಮಾಧಾನವಾಗಿತ್ತು. ಹೆದರಬೇಕಾದ ಮಾತು ಅದೇ ಅಂತ ಯಾರಿಗೂ ಗೊತ್ತಿರಲಿಲ್ಲ. ಈ ಕಂತಿಗಾಗಿ ಓದುವಾಗ ಬ್ರಾಂಡ್‌ನ ಕಥೆ ಬಂದಲ್ಲಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

ಐಸಿಡಿ 10ರ ಮೂಲ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯ ಪಾದದ ಹುಣ್ಣಿಗೆ ಸ್ವಂತ ಕೋಡ್ ಇಲ್ಲ. ಇ 11.5ರ ಒಳಗೆ, ರಕ್ತನಾಳದ ತೊಂದರೆಗಳ ಗುಂಪಿನಲ್ಲಿ ಹುಣ್ಣು, ಗ್ಯಾಂಗ್ರೀನ್ ಎಲ್ಲ ಒಟ್ಟಿಗೆ. 2019ರಲ್ಲಿ ಒಪ್ಪಿಗೆಯಾಗಿ 2022ರ ಜನವರಿಯಿಂದ ಜಾರಿಗೆ ಬಂದ ಐಸಿಡಿ 11ರಲ್ಲಿ ಅದಕ್ಕೆ ತನ್ನದೇ ಜಾಗ ಸಿಕ್ಕಿದೆ, ಬಿಡಿ 54. ಅದಕ್ಕೂ ಮೊದಲೇ ಅಮೆರಿಕ ತನ್ನದೇ ವಿಸ್ತೃತ ರೂಪ ಮಾಡಿಕೊಂಡಿತ್ತು. ಇಲ್ಲಿ ಬರುತ್ತೆ ನಮ್ಮ ಬೆಂಗಳೂರು.

2015ರ ಅಕ್ಟೋಬರ್ 1ರಂದು ಅಮೆರಿಕದ ಆಸ್ಪತ್ರೆಗಳು ಒಂಬತ್ತನೇ ಪಟ್ಟಿ ಬಿಟ್ಟು ಹತ್ತಕ್ಕೆ ಬಂದವು. ಮೂಲ ಐಸಿಡಿ 10ರಲ್ಲಿ ಸುಮಾರು 14 ಸಾವಿರ ಕೋಡ್ ಇದ್ದರೆ ಅಮೆರಿಕದವರದು 70 ಸಾವಿರದ ಹತ್ತಿರ. ಪಾದದಲ್ಲಿ ಇದರ ವ್ಯತ್ಯಾಸ ನೋಡಿ. ಹಳೇ ಪಟ್ಟಿಯಲ್ಲಿ ಯಾವ ಮೆಟಾಟಾರ್ಸಲ್ ಮುರಿದರೂ, ಯಾವ ಕಾಲಾದರೂ, ಚರ್ಮ ಹರಿಯದಿದ್ದರೆ ಒಂದೇ ಸಂಖ್ಯೆ, 825.25. ಹೊಸದರಲ್ಲಿ ಎಸ್ 92.351ಎ ಅಂದ್ರೆ, ಐದನೇ ಮೆಟಾಟಾರ್ಸಲ್, ಮೂಳೆ ಜಾಗ ಬಿಟ್ಟು ಸರಿದಿದೆ, ಬಲ ಪಾದ, ಚರ್ಮ ಹರಿದಿಲ್ಲ, ಚಿಕಿತ್ಸೆಯ ಮೊದಲ ಹಂತ. ಎಡ ಪಾದವಾದರೆ 1ರ ಬದಲು 2. ಮೂಳೆ ಕೂಡದೇ ಹೋದರೆ ಕೊನೆಯ ಅಕ್ಷರ ಕೆ. ಸೊಟ್ಟಗೆ ಕೂಡಿದರೆ ಪಿ. ಹೇಗೆ ಪೆಟ್ಟಾಯಿತು ಅನ್ನೋದಕ್ಕೂ ಕೋಡ್ ಇದೆ. ಮಂಚದ ಕಾಲಿಗೆ ಕಿರುಬೆರಳು ಬಡಿದುಕೊಂಡಿದ್ದೀರಾ? ಪೀಠೋಪಕರಣಕ್ಕೆ ನಡೆದು ಡಿಕ್ಕಿ ಹೊಡೆದದ್ದು, ಡಬ್ಲ್ಯೂ 22.03. ನಗಬೇಡಿ, ನಿಜವಾಗ್ಲೂ ಇದೆ.

ಇಷ್ಟು ವಿವರ ಯಾಕೆ ಅಂದ್ರೆ ಅಲ್ಲಿ ವಿಮೆಯ ದುಡ್ಡು ಬರೋದಕ್ಕೆ ಈ ಕೋಡ್ ಬೇಕು. ತಪ್ಪಾದರೆ ಕ್ಲೇಮ್ ವಾಪಸ್. ಆ ಕೆಲಸದ ದೊಡ್ಡ ಪಾಲು ಬೆಂಗಳೂರು, ಚೆನ್ನೈ, ಹೈದರಾಬಾದಿಗೆ ಬರುತ್ತೆ. ಬಿ.ಫಾರ್ಮಾ, ಬಯೋಟೆಕ್, ನರ್ಸಿಂಗ್ ಓದಿದ ಸಾವಿರಾರು ಹುಡುಗ ಹುಡುಗಿಯರು, ನಿಮ್ಮಲ್ಲೂ ಕೆಲವರು ಇರಬಹುದು, ನೋಡದ ಊರಿನ ನೋಡದ ಮನುಷ್ಯನ ಪಾದಕ್ಕೆ ಎಡವೋ ಬಲವೋ ಅಂತ ಅಂಕಿ ಹಾಕ್ತಾರೆ. ಡಾಕ್ಟರ್ ಬರೆದಿಲ್ಲ ಅಂದರೆ ಊಹಿಸುವ ಹಾಗಿಲ್ಲ, ಪ್ರಶ್ನೆ ಕಳಿಸಬೇಕು. ತಂಗಿ ಹೇಳೋದು: ‘ಹುಣ್ಣು ಹಿಮ್ಮಡಿದೋ ಬೆರಳಿನದೋ, ಬರೇ ಚರ್ಮದಾಗೈತೋ ಎಲುಬಿನ ತನಕ ಹೋಗೈತೋ, ಎಲ್ಲಾ ಕೇಳತಾರ ಅಣ್ಣಾ.’

ಹಾಗಾದರೆ ಅಜ್ಜಿಗೆ ಏನು ಹಾಕ್ತಿದ್ದೆ, ಕಾಗದ ಸರಿ ಇದ್ದಿದ್ದರೆ, ಅಂತ ಕೇಳಿದೆ. ಅವಳೂ ಅದೇ ಅಜ್ಜಿಯ ಮೊಮ್ಮಗಳಲ್ವಾ. ಸ್ವಲ್ಪ ಸುಮ್ಮನಿದ್ದು ಹೇಳಿದಳು. ಮೊದಲು ಹೋದಾಗ ಇ 11.621, ಸಕ್ಕರೆ ಕಾಯಿಲೆಯ ಜೊತೆ ಪಾದದ ಹುಣ್ಣು. ಅದರ ಜೊತೆ ಎಲ್ 97, ಎಲ್ಲಿ, ಎಷ್ಟು ಆಳ ಅಂತ. ಕಪ್ಪಾದ ಮೇಲೆ ಇ 11.52, ರಕ್ತನಾಳ ಕಟ್ಟಿ ಗ್ಯಾಂಗ್ರೀನ್. ಕಾಲು ತೆಗೆದ ಮೇಲೆ ಝೆಡ್ 89.512, ಎಡಗಾಲು ಮೊಣಕಾಲ ಕೆಳಗೆ ಇಲ್ಲ. ಇಲ್ಲದ ಕಾಲಿಗೂ ಅಲ್ಲಿ ಒಂದು ಸಂಖ್ಯೆ ಇದೆ.

ಇದನ್ನು ಬರೀ ಅಮೆರಿಕದ ದುಡ್ಡಿನ ಆಟ ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಬಿಲ್ಲಿಗಾಗಿಯೇ ಬರೆದದ್ದಾದರೂ, ವರ್ಷಕ್ಕೆ ಎಷ್ಟು ಪಾದ ಹುಣ್ಣಾಯಿತು, ಎಷ್ಟು ಕಾಲು ಹೋಯಿತು ಅನ್ನೋ ಲೆಕ್ಕ ಅದರಿಂದಲೇ ಅವರಿಗೆ ಸಿಗುತ್ತೆ. ನಮ್ಮಲ್ಲಿ ಸಾವಿನ ಕಾರಣ ಬರೆಯೋಕೆ ಫಾರಂ 4 ಅಂತ ಇದೆ. ಅದರಲ್ಲಿ ಎ, ಬಿ, ಸಿ ಅಂತ ಸಾಲುಗಳು. ಮೇಲೆ ಕೊನೆಗೆ ಆದದ್ದು, ಕೆಳಗೆ ಅದಕ್ಕೆ ಕಾರಣ, ಅದರ ಕೆಳಗೆ ಅದಕ್ಕೂ ಕಾರಣ. ಲೆಕ್ಕಕ್ಕೆ ಮುಖ್ಯವಾಗೋದು ತಳದ ಸಾಲು, ಎಲ್ಲ ಶುರುವಾದ ಜಾಗ. ಹೃದಯ ನಿಂತಿತು ಅಂತ ಬರೆಯೋದು ಕಾರಣವಲ್ಲ, ಸತ್ತವರೆಲ್ಲರ ಹೃದಯವೂ ನಿಂತಿರುತ್ತೆ. ಅಜ್ಜಿಯ ತಳದ ಸಾಲಿನಲ್ಲಿ ಇರಬೇಕಾಗಿದ್ದದ್ದು ಸಕ್ಕರೆ ಕಾಯಿಲೆ ಮತ್ತು ಆ ಪಾದ. ಬರೆದವರು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ರಾತ್ರಿ ಪಾಳಿಯ ಎಳೆಯ ಡಾಕ್ಟರ್, ಹೊರಗೆ ಅಳ್ತಿರೋ ಜನ, ಬೇಗ ಹೆಣ ಕೊಡಿ ಅನ್ನೋ ಒತ್ತಡ. ಇಷ್ಟಾದರೂ ಅಜ್ಜಿಗೆ ಡಾಕ್ಟರ್ ಬರೆದ ಒಂದು ಕಾಗದವಾದರೂ ಸಿಕ್ಕಿತು. ದೇಶದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ವೈದ್ಯರು ಕಾರಣ ಪ್ರಮಾಣೀಕರಿಸುವುದು 2020ರ ವರದಿಯ ಪ್ರಕಾರ ಶೇ. 22.5 ಮಾತ್ರ.

ಉಳಿದವರನ್ನು ಎಣಿಸೋದು ಹೇಗೆ? ಇದಕ್ಕೆ ಒಂದು ದಾರಿ ಇದೆ, ಅದು ಲಂಡನ್ನಿನ ಮುದುಕಿಯರ ದಾರಿಯೇ ಸ್ವಲ್ಪ ತಿದ್ದಿದ್ದು. ಸಾವಾದ ಮನೆಗೆ ಕಾರ್ಯಕರ್ತರು ಹೋಗ್ತಾರೆ. ಏನಾಯಿತು, ಹೇಗೆ ಶುರುವಾಯಿತು, ಎಷ್ಟು ದಿನ ಇತ್ತು ಅಂತ ಮನೆಯವರನ್ನೇ ಕೇಳಿ, ಅವರ ಮಾತಲ್ಲೇ ಬರೆದುಕೊಳ್ತಾರೆ. ಆ ಬರಹವನ್ನು ಇಬ್ಬರು ಡಾಕ್ಟರುಗಳು ಪ್ರತ್ಯೇಕವಾಗಿ ಓದಿ ಐಸಿಡಿ ಕೋಡ್ ಕೊಡ್ತಾರೆ. ‘ಮಿಲಿಯನ್ ಡೆತ್ ಸ್ಟಡಿ’ ಅನ್ನೋ ದೊಡ್ಡ ಅಧ್ಯಯನ ಹೀಗೇ ನಡೆದದ್ದು. ಹಾವು ಕಚ್ಚೋದು ಹೆಚ್ಚಾಗಿ ಪಾದಕ್ಕೆ, ಕಾಲಿಗೆ. ಕೋಡ್ ಮಾತ್ರ ವಿಷದ್ದು, ಟಿ 63. ಆಸ್ಪತ್ರೆಯ ಲೆಕ್ಕದಲ್ಲಿ ಸಿಗದೇ ಇದ್ದ ಆ ಸಾವುಗಳು ಮನೆಮನೆಯಲ್ಲಿ ಕೇಳಿದಾಗ ಸಿಕ್ಕವು. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಹಾವು ಕಡಿತದ ಸಾವು ಅಂತ 2020ರಲ್ಲಿ ಅಂದಾಜು ಬಂತು. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಅಂತ ಘೋಷಿಸಿತು.

ಈ ಕಂತಿನ ಸ್ಕ್ರಿಪ್ಟ್ ಬರೆದು ಮುಗಿಸಿದ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಯಾರಾದರೂ ಮನೆಗೆ ಬಂದು ಅಜ್ಜಿ ಹೆಂಗ ಹೋದಳು ಅಂತ ಕೇಳಿದ್ದರೆ ಏನು ಹೇಳ್ತಿದ್ದೆ ಅಂದೆ. ಅಪ್ಪ ಯೋಚನೆ ಕೂಡ ಮಾಡಲಿಲ್ಲ. ‘ಕಾಲಿಂದನ ಹೋದಳಲ್ಲೋ. ಜಾಲಿ ಮುಳ್ಳು ತುಳಿದಿದ್ಳು. ಎಡಗಾಲು.’